ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಲೈಟು ಹೋದಾಗ: ಮಾಮೂಲಿ ಬಲ್ಬೋ, ಎಲ್‌ಇಡಿಯೋ?

ಬ್ರೇಕ್ ಲೈಟಿನ ಬಲ್ಬು ಸುಟ್ಟುಹೋದರೆ ಹೊಸದು ತಂದು ಹಾಕಿದರಾಯಿತು, ಇದರಲ್ಲಿ ಆರಿಸುವುದೇನಿದೆ ಅನ್ನಿಸಬಹುದು. ಆದರೆ ಬಲ್ಬು ಹುಡುಕಲು ಹೊರಟರೆ ಒಂದೇ ಹೋಲ್ಡರಿಗೆ ಕೂರುವಂಥವು ಐದಾರು ಬಗೆ ಎದುರಾಗುತ್ತವೆ. ಒಳಗಿನ ಸಣ್ಣ ಲೋಹದ ಎಳೆ ಕಾದು ಬೆಳಗುವ ಮಾಮೂಲಿ ಫಿಲಮೆಂಟ್ ಬಲ್ಬು, 'ಲಾಂಗ್ ಲೈಫ್' ಬಲ್ಬು, ಹೆಚ್ಚು ಬೆಳಕಿನ ಬಲ್ಬು, ಬಿಳಿ ಎಲ್‌ಇಡಿ, ಕೆಂಪು ಎಲ್‌ಇಡಿ, ಅದೂ ಸಾಲದೆಂದರೆ ದೀಪದ ಒಳಭಾಗವನ್ನೇ ಬದಲಿಸುವ ಎಲ್‌ಇಡಿ ಬೋರ್ಡು. ಎಲ್ಲ ಪೊಟ್ಟಣಗಳ ಮೇಲೂ 'ನೇರವಾಗಿ ಕೂರುತ್ತದೆ' ಎಂದೇ ಇರುತ್ತದೆ. ಕೂರುವುದು ನಿಜ. ಕೂತ ಮೇಲೆ ಹಿಂದಿನ ಗಾಡಿಯವರಿಗೆ ಹೇಗೆ ಕಾಣುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಯಾವ ಪೊಟ್ಟಣವೂ ಹೇಳುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಹಳೆಯ ಕಾರುಗಳಿಗೆ ಸರಿಯಾದ ನಂಬರಿನ ಮಾಮೂಲಿ ಬಲ್ಬೇ ಸಾಕು, ಹೋಲ್ಡರು ಮತ್ತು ಅರ್ಥಿಂಗ್ (ದೀಪದಿಂದ ಕರೆಂಟು ಬ್ಯಾಟರಿಗೆ ಮರಳುವ ದಾರಿ) ಚೊಕ್ಕಟವಾಗಿದ್ದರೆ. ಎಲ್‌ಇಡಿಗೆ ಹೋಗಲು ಒಳ್ಳೆಯ ಕಾರಣಗಳಿವೆ, ಆದರೆ 'ಬೆಳಕು ಮಂದವಾಗಿದೆ' ಎನ್ನುವುದು ಅವುಗಳಲ್ಲಿ ಮೊದಲನೆಯದಲ್ಲ. ಮಂದ ಬೆಳಕಿಗೆ ಬಹುಪಾಲು ಕಾರಣ ಬಲ್ಬಿನಲ್ಲಿ ಇರುವುದೇ ಇಲ್ಲ.

ಸುಟ್ಟದ್ದು ಬಲ್ಬೇ ಹೌದೇ?

ಹಳೆಯ ಬಲ್ಬನ್ನು ಬಿಸಾಡುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಕಪ್ಪಗೆ ಅಥವಾ ಕನ್ನಡಿಯಂತೆ ಬೆಳ್ಳಗೆ ಮೆತ್ತಿಕೊಂಡಿದ್ದರೆ ಅದು ವಯಸ್ಸಾಗಿ ಹೋದ ಬಲ್ಬು: ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿದೆ. ಒಳಗೆ ಹಾಲಿನಂಥ ಬಿಳಿ ಪುಡಿ ಕಂಡರೆ ಎಲ್ಲೋ ಗಾಳಿ ನುಗ್ಗಿದೆ. ಗಾಜು ನಿಚ್ಚಳವಾಗಿದ್ದು ಫಿಲಮೆಂಟು ಮಾತ್ರ ತುಂಡಾಗಿದ್ದರೆ ಅದುರಾಟದ ಮೇಲೆ ಅನುಮಾನ ಪಡಬಹುದು. ಗಟ್ಟಿ ಸಸ್ಪೆನ್ಷನ್, ಡಿಕ್ಕಿಯ ಬಾಗಿಲನ್ನು ದಢಾರನೆ ಮುಚ್ಚುವ ಅಭ್ಯಾಸ, ಎರಡೂ ಬಲ್ಬಿಗೆ ಒಳ್ಳೆಯದಲ್ಲ. ಫಿಲಮೆಂಟು ಇಡಿಯಾಗಿಯೇ ಇದ್ದರೆ ಬಲ್ಬು ಸುಟ್ಟಿಲ್ಲ, ಹೋಲ್ಡರಿನ ಕಡೆ ತಿರುಗಿ.

ಎಡಬಲ ಎರಡೂ ಒಟ್ಟಿಗೆ ಉರಿಯುತ್ತಿಲ್ಲವೆಂದರೆ ಎರಡೂ ಬಲ್ಬು ಒಂದೇ ದಿನ ಸತ್ತಿರುವ ಸಂಭವ ಕಡಿಮೆ. ಫ್ಯೂಸು ನೋಡಿ, ಬ್ರೇಕ್ ಪೆಡಲಿನ ಬಳಿಯ ಸ್ವಿಚ್ಚು ನೋಡಿ. ಕೆಲವು ಹಳೆಯ ಕಾರುಗಳಲ್ಲಿ ಈ ಸ್ವಿಚ್ಚು ಬ್ರೇಕ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಅಂಥದ್ದು ಸವೆದಾಗ ಪೆಡಲನ್ನು ಜೋರಾಗಿ ಒತ್ತಿದರೆ ಮಾತ್ರ ಲೈಟು ಹತ್ತುತ್ತದೆ, ಮೆಲ್ಲಗೆ ಒತ್ತಿದರೆ ಇಲ್ಲ. ಎಂಥ ಬಲ್ಬು ಹಾಕಿದರೂ ಈ ರೋಗ ವಾಸಿಯಾಗದು.

ಇನ್ನೊಂದು ವಿಚಿತ್ರ ಲಕ್ಷಣವಿದೆ: ಬ್ರೇಕ್ ಒತ್ತಿದಾಗ ಮೀಟರಿನ ದೀಪಗಳೋ ಮುಂದಿನ ಪಾರ್ಕಿಂಗ್ ದೀಪಗಳೋ ಮಂಕಾಗಿ ಹತ್ತಿಕೊಳ್ಳುವುದು. ಒಂದು ಬ್ರೇಕಿಗೆ, ಇನ್ನೊಂದು ರಾತ್ರಿ ಉರಿಯುವ ಟೇಲ್ ಲೈಟಿಗೆ ಎಂದು ಎರಡು ಫಿಲಮೆಂಟಿರುವ ಬಲ್ಬಿನಲ್ಲಿ ತುಂಡಾದ ಎಳೆ ಪಕ್ಕದ್ದರ ಮೇಲೆ ಬಿದ್ದು ಬೆಸೆದುಕೊಂಡಾಗ ಹೀಗಾಗುತ್ತದೆ. ಒಂದೇ ಫಿಲಮೆಂಟಿನ ಬಲ್ಬನ್ನು ಎರಡರ ಹೋಲ್ಡರಿಗೆ ಯಾರೋ ಒತ್ತಿ ಕೂರಿಸಿದ್ದರೂ ಆಗುತ್ತದೆ. ಅರ್ಥಿಂಗ್ ಕೈಕೊಟ್ಟಾಗಲೂ ಕರೆಂಟು ಇನ್ನೊಂದು ಫಿಲಮೆಂಟಿನ ಮೂಲಕ ಅಡ್ಡದಾರಿ ಹಿಡಿದು ಇದೇ ಆಟ ಆಡಿಸುತ್ತದೆ.

ಅರ್ಥಿಂಗ್‌ನ ಮಾತು ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಶೇ 10ರಷ್ಟು ವೋಲ್ಟೇಜ್ ಕಳೆದುಕೊಂಡರೆ ಬೆಳಕು ಸುಮಾರು ಶೇ 30ರಷ್ಟು ಹೋಗುತ್ತದೆ. ಅಂದರೆ ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದು, ತುಕ್ಕು ಹಿಡಿದ ಹೋಲ್ಡರು, ಹಸಿರುಗಟ್ಟಿದ ತಂತಿಯ ತುದಿ, ಸವೆದ ಸ್ವಿಚ್ಚು ಎಲ್ಲ ಸೇರಿ ಬಲ್ಬಿಗೆ 11.2 ಮಾತ್ರ ಮುಟ್ಟುತ್ತಿದ್ದರೆ, ಬೆಳಕಿನ ಮೂರನೇ ಒಂದು ಪಾಲು ದಾರಿಯಲ್ಲೇ ಸೋರಿಹೋಗಿದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಉರಿಯುತ್ತಿರುವ ಬಲ್ಬಿನ ಲೋಹದ ಕವಚಕ್ಕೂ ಇನ್ನೊಂದನ್ನು ಬ್ಯಾಟರಿಯ ಅರ್ಥಿಂಗ್ ಕಡೆಯ ತುದಿಗೂ ಹಿಡಿದು, ಯಾರನ್ನಾದರೂ ಬ್ರೇಕ್ ಒತ್ತಲು ಹೇಳಿ. 0.2 ವೋಲ್ಟಿನೊಳಗೆ ಬಂದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಬಲ್ಬು ಆರಿಸುವ ಕೆಲಸವನ್ನು ಪಕ್ಕಕ್ಕಿಟ್ಟು ಅರ್ಥಿಂಗ್ ಸರಿಮಾಡಿ.

ಕಾರ್ವೆಟ್, ಲೋಟಸ್ ಎಲಾನ್ ಥರದ ಫೈಬರ್‌ಗ್ಲಾಸ್ ಬಾಡಿಯ ಕಾರಿದ್ದರೆ ಇದು ಇನ್ನೂ ಮುಖ್ಯ. ಅವುಗಳ ಬಾಡಿಯಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಪ್ರತಿ ದೀಪಕ್ಕೂ ಬೇರೆಯೇ ಅರ್ಥಿಂಗ್ ತಂತಿ ಬೇಕು. ದಶಕಗಳ ಕಾಲ ಒದ್ದೆ, ಧೂಳು ಕಂಡ ಆ ತಂತಿಗಳ ತುದಿಯೇ ಅರ್ಧಕ್ಕರ್ಧ ತಕರಾರಿನ ಮೂಲ.

ಹೋಲ್ಡರಿಗೆ ಸರಿಹೊಂದುವುದು ಯಾವುದು

1980, 90ರ ದಶಕದವರೆಗಿನ ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಲೈಟು ಮತ್ತು ಟೇಲ್ ಲೈಟು ಒಂದೇ ಬಲ್ಬಿನಲ್ಲಿರುತ್ತವೆ. ಯುರೋಪಿನ ಹೆಸರಿನಲ್ಲಿ ಪಿ21/5ಡಬ್ಲ್ಯೂ, ಬ್ರಿಟನ್ನಿನ ಹಳೆಯ ನಂಬರಿನಲ್ಲಿ 380, ಅಮೆರಿಕದಲ್ಲಿ 1157. ಮೂರಕ್ಕೂ ಹೋಲ್ಡರು ಒಂದೇ, ಬಿಎವೈ15ಡಿ. ಬಲ್ಬಿನ ಬುಡದ ಪಕ್ಕದ ಎರಡು ಮೊಳೆಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ, ಹಾಗಾಗಿ ಒಂದೇ ರೀತಿಯಲ್ಲಿ ಮಾತ್ರ ಕೂರಬೇಕು. ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿಯಲ್ಲಿ 380 ಬರುತ್ತದೆ, 1989ರಿಂದ 1997ರವರೆಗೆ ತಯಾರಾದ ಮೊದಲ ತಲೆಮಾರಿನ ಮಾಜ್ಡಾ ಮಿಯಾಟಾದಲ್ಲಿ 1157. ಬ್ರೇಕಿಗೆ ಬೇರೆ ಬಲ್ಬೇ ಇರುವ ಕಾರುಗಳಲ್ಲಿ ಒಂದೇ ಫಿಲಮೆಂಟಿನ ಪಿ21ಡಬ್ಲ್ಯೂ, ಅಂದರೆ 382 ಅಥವಾ 1156, ಇರುತ್ತದೆ.

ಪಿ21/5ಡಬ್ಲ್ಯೂ ಮತ್ತು 1157 ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತವೆ, ಕೆಲಸವನ್ನೂ ಮಾಡುತ್ತವೆ. ಆದರೆ 1157ರ ಟೇಲ್ ಫಿಲಮೆಂಟು ಸುಮಾರು 8 ವ್ಯಾಟ್, ಯುರೋಪಿನದ್ದು 5. ಒಂದು ಬದಿಗೆ ಅದು, ಇನ್ನೊಂದು ಬದಿಗೆ ಇದು ಹಾಕಿದರೆ ರಾತ್ರಿ ಕಾರು ಒಂದು ಕಣ್ಣು ಕಿರಿದು ಮಾಡಿಕೊಂಡಂತೆ ಕಾಣುತ್ತದೆ. ಪಿ21/4ಡಬ್ಲ್ಯೂ ಎಂಬ ಇನ್ನೊಂದು ಸೋದರನೂ ಇದೆ. ನೋಡಲು ಅಣ್ಣತಮ್ಮಂದಿರಂತೆ ಕಂಡರೂ ಅದರ ಮೊಳೆಗಳು ಎತ್ತರದಲ್ಲೂ ಕೋನದಲ್ಲೂ ಬೇರೆ. ಸಲೀಸಾಗಿ ತಿರುಗದಿದ್ದರೆ ಬಲ ಹಾಕಬೇಡಿ. ಒತ್ತಾಯದಿಂದ ಕೂರಿಸಿದ ಬಲ್ಬಿನಲ್ಲಿ ಬ್ರೇಕು ಮತ್ತು ಟೇಲು ಅದಲುಬದಲಾಗಿ, ಪೆಡಲು ಒತ್ತಿದಾಗ 5 ವ್ಯಾಟಿನ ಎಳೆ ಮಿಣಮಿಣ ಎನ್ನುತ್ತದೆ.

ತೊಂಬತ್ತರ ದಶಕದ ಕಾರುಗಳಲ್ಲಿ ಮೊಳೆಯಿಲ್ಲದೆ ನೇರ ಒತ್ತಿ ಕೂರಿಸುವ 3157, 7443 ನಂಬರಿನ ಬಲ್ಬುಗಳು ಹೆಚ್ಚಾಗಿ ಬರತೊಡಗಿದವು. ಫಿಲಮೆಂಟ್ ಬಲ್ಬೇ ಹಾಕುವುದಾದರೆ ಅವುಗಳಲ್ಲಿ ತಲೆನೋವಿಲ್ಲ.

ಮಾಮೂಲಿ, ಲಾಂಗ್ ಲೈಫ್, ಹೆಚ್ಚು ಬೆಳಕಿನದು

ಫಿಲಮೆಂಟ್ ಬಲ್ಬಿನಲ್ಲಿ ಆಯುಷ್ಯ ಮತ್ತು ಬೆಳಕು ಎರಡನ್ನೂ ಒಟ್ಟಿಗೆ ಹೆಚ್ಚಿಸಲು ಬರುವುದಿಲ್ಲ. ಲಾಂಗ್ ಲೈಫ್ ಬಲ್ಬಿನ ಎಳೆ ಸ್ವಲ್ಪ ತಣ್ಣಗೆ ಉರಿಯುತ್ತದೆ, ಅದಕ್ಕೇ ಹೆಚ್ಚು ಕಾಲ ಬಾಳುತ್ತದೆ, ಅದಕ್ಕೇ ಬೆಳಕು ತುಸು ಕಡಿಮೆ. ಬಲ್ಬು ಬದಲಿಸಲು ಇಡೀ ಡಿಕ್ಕಿಯ ಹೊದಿಕೆ ಬಿಚ್ಚಬೇಕಾದ ಕಾರಿಗೆ ಇದು ಒಪ್ಪುವ ಮಾತು. ಸ್ಕ್ರೂ ಬಿಚ್ಚಿ ಹೊರಗಿನಿಂದಲೇ ಲೆನ್ಸ್ (ದೀಪದ ಬಣ್ಣದ ಮುಚ್ಚಳ) ತೆಗೆಯಬಹುದಾದ ಎಂಜಿಬಿಯಂಥ ಕಾರಿಗೆ ಬೆಳಕನ್ನು ಬಿಟ್ಟುಕೊಟ್ಟು ಆಯುಷ್ಯ ಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಇದಕ್ಕೆ ತದ್ವಿರುದ್ಧ ಅಮೆರಿಕದ 2357. 1157ರ ಬ್ರೇಕ್ ಫಿಲಮೆಂಟು 32 ಕ್ಯಾಂಡಲ್ ಪವರ್ (ಬೆಳಕಿನ ಒಂದು ಅಳತೆ) ಕೊಟ್ಟರೆ ಇದು 40 ಕೊಡುತ್ತದೆ. ಎಳೆಯುವ ಕರೆಂಟು ಹತ್ತಿರಹತ್ತಿರ ಅಷ್ಟೇ, ಆದ್ದರಿಂದ ತಂತಿಗೂ ಫ್ಯೂಸಿಗೂ ಭಾರವಿಲ್ಲ. ಬೆಲೆ ತೆರುವುದು ಆಯುಷ್ಯದಲ್ಲಿ. ವರ್ಷಕ್ಕೆ ಕೆಲವೇ ಸಲ ಹೊರಗೆ ಬರುವ ಕಾರಿಗೆ ಆಯುಷ್ಯ ದೊಡ್ಡ ಮಾತೇ? ಲೆನ್ಸು ಹಳೆಯದಾಗಿ ಬಣ್ಣ ಗಾಢವಾಗಿರುವ ಕಾರಿಗೆ ಎಲ್‌ಇಡಿ ಯೋಚಿಸುವ ಮುಂಚೆ ನಾನು ಇದನ್ನೇ ನೋಡುತ್ತೇನೆ.

ವ್ಯಾಟು ಏರಿಸುವ ದಾರಿ ಮಾತ್ರ ಬೇಡ. 21ರ ಜಾಗಕ್ಕೆ 35 ವ್ಯಾಟಿನ ಹ್ಯಾಲೊಜೆನ್ ತುರುಕಿದರೆ ಬೆಳಕು ಬರುತ್ತದೆ ನಿಜ, ಜೊತೆಗೆ ಶಾಖವೂ. ಹಳೆಯ ಲೆನ್ಸುಗಳು ಹೆಚ್ಚಾಗಿ ಅಕ್ರಿಲಿಕ್. ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದು ಮೆತ್ತಗಾಗಲು ಶುರುಮಾಡುತ್ತದೆ. ಸಿಗ್ನಲಿನಲ್ಲಿ ಬ್ರೇಕ್ ಒತ್ತಿಕೊಂಡು ನಿಂತಷ್ಟು ಹೊತ್ತೂ ಬಲ್ಬು ಉರಿಯುತ್ತಿರುತ್ತದೆ. ತಯಾರಾಗುವುದು ನಿಂತುಹೋದ ಲೆನ್ಸಿನ ಮೇಲೆ ಗುಳ್ಳೆ ಎದ್ದರೆ ಆ ನಷ್ಟವನ್ನು ಯಾವ ಬಲ್ಬೂ ತುಂಬಿಕೊಡದು.

ಮಾಮೂಲಿ ಬಲ್ಬೇ ಪದೇಪದೇ ಸುಟ್ಟುಹೋಗುತ್ತಿದೆಯೆಂದರೆ ಲಾಂಗ್ ಲೈಫ್ ಹುಡುಕುವ ಬದಲು ಚಾರ್ಜಿಂಗ್ ವೋಲ್ಟೇಜ್ ಅಳೆಯಿರಿ. ವೋಲ್ಟೇಜು ಶೇ 5 ಏರಿದರೆ ಬಲ್ಬಿನ ಆಯುಷ್ಯ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ಇರಬೇಕು. 15 ದಾಟುತ್ತಿದ್ದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹಾಳಾಗಿದೆ, ಬಲ್ಬು ಅದಕ್ಕೆ ಬಲಿಯಾಗುತ್ತಿದೆ ಅಷ್ಟೇ.

ಎಲ್‌ಇಡಿ: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಎಲ್‌ಇಡಿಯ ಪರವಾಗಿ ಒಂದು ಗಟ್ಟಿ ವಾದವಿದೆ, ಅದು ಪ್ರಖರತೆಯದಲ್ಲ, ವೇಗದ್ದು. ಫಿಲಮೆಂಟು ಕಾದು ಪೂರ್ತಿ ಬೆಳಕಿಗೆ ಬರಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಎಲ್‌ಇಡಿ ಆ ಕ್ಷಣವೇ ಹತ್ತುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 0.2 ಸೆಕೆಂಡ್ ಎಂದರೆ ಸುಮಾರು ಐದೂವರೆ ಮೀಟರ್. ಹಿಂದಿನಿಂದ ಬರುವವರಿಗೆ ಒಂದು ಕಾರಿನುದ್ದದಷ್ಟು ಜಾಗ ಹೆಚ್ಚು ಸಿಕ್ಕಂತೆ. ಹೈವೇಯಲ್ಲಿ ಹೆಚ್ಚು ಓಡಿಸುವವರು ಈ ಲೆಕ್ಕವನ್ನು ಹಗುರವಾಗಿ ತಳ್ಳಿಹಾಕಬಾರದು.

ಎರಡನೆಯದು ಕರೆಂಟು. 21 ವ್ಯಾಟಿನ ಒಂದು ಬಲ್ಬು ಪೌಣೆ ಎರಡು ಆಂಪಿಯರ್ ಎಳೆಯುತ್ತದೆ, 1157 ಎರಡಕ್ಕಿಂತ ತುಸು ಹೆಚ್ಚು. ಮೂರು ಬಲ್ಬು ಎಂದರೆ ಐದಾರು ಆಂಪಿಯರ್ ಪೂರ್ತಿ ಆ ಬಡಪಾಯಿ ಬ್ರೇಕ್ ಸ್ವಿಚ್ಚಿನ ಮೂಲಕವೇ ಹರಿಯಬೇಕು. ಎಲ್‌ಇಡಿ ಇದರ ಸಣ್ಣ ಪಾಲಿನಲ್ಲೇ ಕೆಲಸ ಮುಗಿಸುವುದರಿಂದ ಸ್ವಿಚ್ಚಿನ ಒಳಗಿನ ಪಾಯಿಂಟುಗಳು ಸುಡುವುದು ಕಡಿಮೆಯಾಗುತ್ತದೆ, ಕಡಿಮೆ ಕರೆಂಟು ಕೊಡುವ ಹಳೆಯ ಬಗೆಯ ಡೈನಮೋ ಇರುವ ಕಾರುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಪೋರ್ಶೆ 356ನಂಥ 6 ವೋಲ್ಟಿನ ಕಾರುಗಳಲ್ಲಂತೂ ಅದೇ ವ್ಯಾಟಿಗೆ ಎರಡು ಪಟ್ಟು ಕರೆಂಟು ಹರಿಯಬೇಕಾದ್ದರಿಂದ ದಾರಿಯಲ್ಲಿನ ಸೋರಿಕೆಯೂ ಹೆಚ್ಚು ಕಾಡುತ್ತದೆ. ಅಂಥ ಕಾರಿನವರು 6 ವೋಲ್ಟಿಗೆಂದೇ ಮಾಡಿದ ಎಲ್‌ಇಡಿ ಹಾಕುತ್ತೇವೆಂದರೆ ನಾನು ಬೇಡವೆನ್ನುವುದಿಲ್ಲ.

ಇನ್ನು ಸೋಲುವ ಜಾಗ. ಹಳೆಯ ದೀಪದ ಒಳಗಿನ ರಿಫ್ಲೆಕ್ಟರು, ಲೆನ್ಸಿನ ಮೇಲಿನ ಗೀರುಗಳು, ಚೌಕುಳಿಗಳು ಇವೆಲ್ಲ ಒಂದು ಪುಟ್ಟ ಎಳೆ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಉರಿಯುತ್ತದೆ, ಸುತ್ತಲೂ ಬೆಳಕು ಚೆಲ್ಲುತ್ತದೆ ಎಂಬ ಲೆಕ್ಕದಲ್ಲಿ ಮಾಡಿದವು. ಎಲ್‌ಇಡಿ ಬಲ್ಬಿನಲ್ಲಿ ಹತ್ತಾರು ಚಿಪ್ಪುಗಳು (ಬೆಳಕು ಕೊಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್‌ಗಳು) ಬೇರೆಬೇರೆ ಕಡೆ ಮುಖ ಮಾಡಿ ಕೂತಿರುತ್ತವೆ. ಚಿಪ್ಪುಗಳೆಲ್ಲ ತುದಿಯಲ್ಲೇ ಇದ್ದರೆ ಲೆನ್ಸಿನ ನಡುವೆ ಕಣ್ಣು ಕುಕ್ಕುವ ಒಂದು ಚುಕ್ಕೆ, ಸುತ್ತ ಕತ್ತಲು. ನೇರ ಹಿಂದೆ ನಿಂತು ನೋಡಿದರೆ 'ಆಹಾ' ಅನ್ನಿಸುತ್ತದೆ, ಪಕ್ಕದ ಲೇನಿನಲ್ಲಿ ಬರುವವರಿಗೆ ಏನೂ ಕಾಣುವುದಿಲ್ಲ. ಬ್ರೇಕ್ ಲೈಟು ಎಡಬಲ ಎರಡೂ ಕಡೆಗೆ 45 ಡಿಗ್ರಿಯವರೆಗೆ ಕಾಣಬೇಕು ಎಂಬುದು ಅಂತರರಾಷ್ಟ್ರೀಯ ನಿಯಮಗಳಲ್ಲೇ ಇರುವ ಮಾತು.

ಆದ್ದರಿಂದ ಮೊದಲು ನಿಮ್ಮ ದೀಪದ ಒಳಗೆ ಬಲ್ಬು ಹೇಗೆ ಕೂತಿದೆ ನೋಡಿ. ಬಲ್ಬಿನ ಮೂತಿ ನೇರ ಹಿಂದಕ್ಕೆ, ಲೆನ್ಸಿನ ಕಡೆಗೆ ಇದ್ದರೆ ತುದಿಯಲ್ಲೂ ಪಕ್ಕಗಳಲ್ಲೂ ಚಿಪ್ಪುಗಳಿರುವ ಎಲ್‌ಇಡಿ ಬೇಕು. ಪಕ್ಕದ ಬೆಳಕೇ ರಿಫ್ಲೆಕ್ಟರಿಗೆ ಬಡಿದು ಇಡೀ ಲೆನ್ಸನ್ನು ತುಂಬುವುದು. ಬಲ್ಬು ಅಡ್ಡಲಾಗಿಯೋ ನೆಟ್ಟಗೆಯೋ ಕೂತಿದ್ದರೆ ತುದಿಯ ಚಿಪ್ಪಿನ ಬೆಳಕು ದೀಪದ ಗೋಡೆಗೆ ಹೋಗಿ ವ್ಯರ್ಥ, ಸುತ್ತಲಿನ ಚಿಪ್ಪುಗಳೇ ಎಲ್ಲ ಕೆಲಸ ಮಾಡಬೇಕು. ಫಿಲಮೆಂಟು ಬುಡದಿಂದ ಎಷ್ಟು ದೂರದಲ್ಲಿತ್ತೋ ಚಿಪ್ಪುಗಳೂ ಅಷ್ಟೇ ದೂರದಲ್ಲಿದ್ದಷ್ಟು ಒಳ್ಳೆಯದು. ಎರಡನ್ನೂ ಪಕ್ಕಪಕ್ಕ ಹಿಡಿದರೆ ಕಣ್ಣಿಗೇ ಗೊತ್ತಾಗುತ್ತದೆ.

ಬಣ್ಣದ ವಿಷಯದಲ್ಲಿ ಚರ್ಚೆಯೇ ಬೇಡ: ಕೆಂಪು ಲೆನ್ಸಿನ ಹಿಂದೆ ಕೆಂಪು ಎಲ್‌ಇಡಿ. ಬಿಳಿ ಎಲ್‌ಇಡಿ ಎಂಬುದು ನೀಲಿ ಚಿಪ್ಪಿನ ಮೇಲೆ ಹಳದಿ ಲೇಪ ಹಚ್ಚಿದ್ದು, ಅದರ ಬೆಳಕಿನಲ್ಲಿ ಕೆಂಪಿನ ಪಾಲೇ ಕಡಿಮೆ. ಕೆಂಪು ಲೆನ್ಸು ಉಳಿದದ್ದನ್ನೆಲ್ಲ ತಡೆದು ಆ ಸ್ವಲ್ಪ ಕೆಂಪನ್ನಷ್ಟೇ ಹೊರಬಿಡುತ್ತದೆ. ಬಣ್ಣ ಮಾಸಿದ ಹಳೆಯ ಲೆನ್ಸಾದರೆ ನಸುಗುಲಾಬಿ ಬ್ರೇಕ್ ಲೈಟು ಸಿಗುತ್ತದೆ. ಫಿಲಮೆಂಟಿನ ಬೆಳಕಿನಲ್ಲಿ ಕೆಂಪು ತುಂಬಿ ತುಳುಕುವುದರಿಂದ ಈ ತೊಂದರೆ ಯಾವತ್ತೂ ಇರಲಿಲ್ಲ.

ಇದಕ್ಕಿಂತ ಅಪಾಯದ್ದು ಬ್ರೇಕು ಮತ್ತು ಟೇಲ್ ಬೆಳಕುಗಳ ನಡುವಿನ ಅಂತರ. ಪಿ21/5ಡಬ್ಲ್ಯೂ ಬಲ್ಬಿನಲ್ಲಿ ಬ್ರೇಕ್ ಎಳೆಗೆ 440 ಲ್ಯೂಮೆನ್ (ಹೊರಬರುವ ಒಟ್ಟು ಬೆಳಕಿನ ಅಳತೆ), ಟೇಲ್ ಎಳೆಗೆ 35. ಹನ್ನೆರಡು ಪಟ್ಟಿಗಿಂತ ಹೆಚ್ಚು. ರಾತ್ರಿ ಟೇಲ್ ಲೈಟು ಉರಿಯುತ್ತಿರುವಾಗ ಬ್ರೇಕ್ ಒತ್ತಿದ್ದು ಗೊತ್ತಾಗುವುದೇ ಈ ಅಂತರದಿಂದ. ಕಳಪೆ ಎಲ್‌ಇಡಿಗಳಲ್ಲಿ ಟೇಲ್ ಬೆಳಕನ್ನೇ ವಿಪರೀತ ಪ್ರಖರ ಮಾಡಿರುತ್ತಾರೆ, ಬ್ರೇಕ್ ಒತ್ತಿದರೆ ಎರಡು ಮೂರು ಪಟ್ಟು ಏರುತ್ತದೆ ಅಷ್ಟೇ. ನಿಂತ ಕಾರಿನ ಸುತ್ತ ಸುತ್ತಾಡಿ ಮೆಚ್ಚಿಕೊಳ್ಳಲು ಚೆನ್ನ, ರಾತ್ರಿ ರಸ್ತೆಯಲ್ಲಿ ಮಾತ್ರ ಬ್ರೇಕ್ ಹಾಕಿದಿರೋ ಇಲ್ಲವೋ ಹಿಂದಿನವರು ಊಹಿಸಬೇಕು. ಎಲ್‌ಇಡಿ ಆರಿಸುವಾಗ ನಾನು ಮೊದಲು ಕೇಳುವುದು ಈ ಎರಡು ಅಂಕಿಗಳನ್ನು. ಬರೀ 'ಅತಿ ಪ್ರಖರ' ಎಂದು ಬರೆದು ಟೇಲ್ ಲೈಟಿನ ಲ್ಯೂಮೆನ್ ಹೇಳದ ಪೊಟ್ಟಣವನ್ನು ಅಲ್ಲೇ ಬಿಡುತ್ತೇನೆ.

ಕಾನೂನಿನ ಮಾತು ಚುಟುಕಾಗಿ. ದೀಪಕ್ಕೆ ಮಂಜೂರಾತಿ ಸಿಕ್ಕಿರುವುದು ಅದರೊಳಗೆ ಯಾವ ಬಗೆಯ ಬಲ್ಬು ಇರುತ್ತದೆ ಎಂಬುದೂ ಸೇರಿಯೇ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಫಿಲಮೆಂಟ್ ಬಲ್ಬುಗಳಿಗೆ ಆರ್37, ಎಲ್‌ಇಡಿಗೆ ಆರ್128 ಎಂದು ಬೇರೆಬೇರೆ ನಿಯಮಗಳಿವೆ. ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 108 ಎಂಬ ವಾಹನ ಸುರಕ್ಷತಾ ನಿಯಮವಿದೆ. ಫಿಲಮೆಂಟಿಗೆಂದು ಮಂಜೂರಾದ ದೀಪಕ್ಕೆ ಎಲ್‌ಇಡಿ ಹಾಕಿದರೆ ಹಲವು ಕಡೆ ವಾರ್ಷಿಕ ತಪಾಸಣೆಯಲ್ಲಿ ತಕರಾರು ಬರಬಹುದು. ಕೊಳ್ಳುವ ಮುಂಚೆ ನಿಮ್ಮಲ್ಲಿನ ನಿಯಮ ವಿಚಾರಿಸಿಕೊಳ್ಳಿ.

ಎಲ್‌ಇಡಿ ಹಾಕಿದ ಮೇಲೆ ಕಾರು ಹೂಡುವ ತಕರಾರುಗಳು

ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಅನೇಕ ಹಳೆಯ ಕಾರುಗಳಲ್ಲಿ, ಕಾರ್ವೆಟ್ ಸೇರಿ, ಹಿಂದಿನ ಕೆಂಪು ದೀಪವೇ ಬ್ರೇಕ್ ಲೈಟೂ ಹೌದು, ಇಂಡಿಕೇಟರೂ ಹೌದು. ಎರಡಕ್ಕೂ ಫಿಲಮೆಂಟು ಒಂದೇ. ಬ್ರೇಕಿನ ಕರೆಂಟು ಸ್ಟೇರಿಂಗ್ ಬಳಿಯ ಇಂಡಿಕೇಟರ್ ಸ್ವಿಚ್ಚಿನ ಮೂಲಕ ಹಾದು ಬರುತ್ತದೆ. ಇಂಥ ಕಾರಿಗೆ ಎಲ್‌ಇಡಿ ಹಾಕಿದರೆ ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲಾಶರ್ ಕೈಕೊಡುತ್ತದೆ. ಅದರೊಳಗಿನ ಲೋಹದ ಪಟ್ಟಿ ಬಲ್ಬಿನ ಕರೆಂಟಿನಿಂದ ಕಾದು ಬಾಗಬೇಕು, ಆಗಲೇ ಟಿಕ್ ಟಿಕ್. ಎಲ್‌ಇಡಿಯ ಚೂರುಪಾರು ಕರೆಂಟಿಗೆ ಅದು ಬಿಸಿಯಾಗುವುದೇ ಇಲ್ಲ, ಇಂಡಿಕೇಟರು ಹತ್ತಿಕೊಂಡೇ ಇರುತ್ತದೆ ಅಥವಾ ಹತ್ತುವುದೇ ಇಲ್ಲ.

ಪರಿಹಾರ ಎರಡು. ಕರೆಂಟಿನ ಪ್ರಮಾಣ ನೋಡದ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕುವುದು ಒಂದು. ಬಲ್ಬಿನ ಪಕ್ಕ ರೆಸಿಸ್ಟರ್ ಜೋಡಿಸಿ ಸುಳ್ಳು ಭಾರ ತೋರಿಸುವುದು ಇನ್ನೊಂದು. ಎರಡನೆಯದು ನನಗೆ ಸೇರದು. 6 ಓಮಿನ ರೆಸಿಸ್ಟರು 13.8 ವೋಲ್ಟಿನಲ್ಲಿ ಸುಮಾರು 32 ವ್ಯಾಟ್ ಶಾಖ ಉಗುಳುತ್ತದೆ. ಇಂಡಿಕೇಟರಿನಲ್ಲಾದರೆ ಮಿನುಗುವುದರಿಂದ ನಡುನಡುವೆ ಬಿಡುವಾದರೂ ಉಂಟು. ಬ್ರೇಕ್ ಲೈಟಿನಲ್ಲಿ ಸಿಗ್ನಲ್ ಮುಗಿಯುವವರೆಗೂ ಬಿಸಿಯಾಗುತ್ತಲೇ ಇರುತ್ತದೆ, ಅದೂ ಡಿಕ್ಕಿಯ ಕಾರ್ಪೆಟ್ಟಿನ ಪಕ್ಕದಲ್ಲಿ. ಕರೆಂಟು ಉಳಿಸಲು ಎಲ್‌ಇಡಿ ಹಾಕಿ, ಉಳಿದ ಕರೆಂಟನ್ನೆಲ್ಲ ಶಾಖ ಮಾಡಿ ಕಳೆಯುವುದು ಯಾವ ಜಾಣತನ?

ವೇಗವನ್ನು ತಾನಾಗಿ ಒಂದೇ ಸಮ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಇರುವ ಕೆಲವು ಕಾರುಗಳಲ್ಲಿ ಅದು ಬ್ರೇಕ್ ಬಲ್ಬಿನ ಎಳೆಯ ಮೂಲಕವೇ ಅರ್ಥಿಂಗ್ ನೋಡಿಕೊಳ್ಳುತ್ತದೆ. ಎಲ್ಲ ಬ್ರೇಕ್ ಬಲ್ಬೂ ಎಲ್‌ಇಡಿ ಆದರೆ 'ಬ್ರೇಕ್ ಸರಿಯಿಲ್ಲ' ಎಂದುಕೊಂಡು ಕ್ರೂಸ್ ಕೆಲಸ ನಿಲ್ಲಿಸುತ್ತದೆ. ಒಂದು ಜಾಗದಲ್ಲಾದರೂ, ಉದಾಹರಣೆಗೆ ಮೂರನೇ ಬ್ರೇಕ್ ಲೈಟಿನಲ್ಲಿ, ಫಿಲಮೆಂಟ್ ಬಲ್ಬು ಉಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಲ್ಬು ಹೋದರೆ ಎಚ್ಚರಿಸುವ ವ್ಯವಸ್ಥೆ ಇರುವ ಪೋರ್ಶೆ 928ನಂಥ ಕಾರುಗಳು ಇನ್ನೂ ಸೂಕ್ಷ್ಮ. ಅವು ಕರೆಂಟನ್ನು ಅಳೆಯುವುದರಿಂದ ಎಲ್‌ಇಡಿ ಇರಲಿ, ಎಡಬಲಕ್ಕೆ ಬೇರೆಬೇರೆ ಕಂಪನಿಯ ಮಾಮೂಲಿ ಬಲ್ಬು ಹಾಕಿದರೂ ಗೊಣಗಬಹುದು. ಅಲ್ಲಿ ಒಂದೇ ಕಂಪನಿಯ, ಒಂದೇ ಪೊಟ್ಟಣದ ಜೋಡಿ ಬಲ್ಬೇ ದಾರಿ.

1967ರ ಕೊನೆಯವರೆಗಿನ ಎಂಜಿಬಿ, ಆ ಕಾಲದ ಇನ್ನೂ ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಬಾಡಿಯ ಜೊತೆ ಸೇರಿರುತ್ತದೆ. ಫಿಲಮೆಂಟಿಗೆ ಕರೆಂಟು ಯಾವ ಕಡೆಯಿಂದ ಬಂದರೂ ಒಂದೇ. ಎಲ್‌ಇಡಿಗೆ ಹಾಗಲ್ಲ, ಉಲ್ಟಾ ಕೊಟ್ಟರೆ ಉರಿಯುವುದಿಲ್ಲ. ಪಾಸಿಟಿವ್ ಅರ್ಥಿಂಗ್‌ಗೆಂದೇ ಮಾಡಿದ್ದನ್ನು ಕೇಳಿ ತರಬೇಕು. 3157, 7443 ಹೋಲ್ಡರಿನವರಿಗೆ ಇನ್ನೊಂದು ಬಲೆ ಇದೆ: ಅವುಗಳಲ್ಲಿ 'ಸಿಕೆ' ಎಂದು ಕರೆಯುವ, ಅರ್ಥಿಂಗ್ ತಂತಿಯ ಜಾಗ ಬೇರೆ ಇರುವ ಬಗೆಯೂ ಉಂಟು. ತಪ್ಪು ಜೋಡಿಯಾದರೆ ಶಾರ್ಟ್ ಆಗಿ ಫ್ಯೂಸು ಹಾರುತ್ತದೆ.

ಚಿಕ್ಕದೊಂದು ವಿಷಯ, ಹಾಕುವವರೆಗೂ ಹೊಳೆಯುವುದಿಲ್ಲ: ಫಿಲಮೆಂಟಿನ ಶಾಖ ದೀಪದೊಳಗಿನ ತೇವವನ್ನು ಒಣಗಿಸುತ್ತಿತ್ತು. ಎಲ್‌ಇಡಿ ತಣ್ಣಗಿರುವುದರಿಂದ ನೀರು ತಡೆಯುವ ಗ್ಯಾಸ್ಕೆಟ್ಟು ಹಳತಾದ ದೀಪದಲ್ಲಿ ಇಬ್ಬನಿ ಹಾಗೇ ನಿಂತು ರಿಫ್ಲೆಕ್ಟರನ್ನು ತಿನ್ನುತ್ತದೆ.

ಇಡೀ ಬೋರ್ಡು ಮತ್ತು ಮೂರನೇ ಲೈಟು

ದೀಪದ ಆಕಾರಕ್ಕೆ ಕತ್ತರಿಸಿದ ಎಲ್‌ಇಡಿ ಬೋರ್ಡುಗಳು ಹೆಸರುವಾಸಿ ಮಾಡೆಲ್‌ಗಳಿಗಷ್ಟೇ ಸಿಗುತ್ತವೆ. ಚಿಪ್ಪುಗಳು ನೇರ ಲೆನ್ಸಿನ ಕಡೆಗೇ ಹರಡಿಕೊಂಡಿರುವುದರಿಂದ ರಿಫ್ಲೆಕ್ಟರಿನ ಹಂಗಿಲ್ಲ, ಬೆಳಕು ಸಮವಾಗಿ ಬರುತ್ತದೆ. ಎಲ್‌ಇಡಿಯೇ ಬೇಕೆಂದರೆ ಬಲ್ಬಿಗಿಂತ ಇದು ಮೇಲು. ಆದರೆ ಖರ್ಚು ಹೆಚ್ಚು, ಒಂದು ಚಿಪ್ಪು ಹೋದರೆ ಬೋರ್ಡೇ ಬದಲಿಸಬೇಕು, ದೂರದ ಪ್ರಯಾಣದಲ್ಲಿ ಕೆಟ್ಟರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ವಸ್ತುವಲ್ಲ. ಮೂಲ ರೂಪವೇ ಬೆಲೆಬಾಳುವ ಕಾರಿನಲ್ಲಿ, ಬಿಚ್ಚಿ ಮೊದಲಿನಂತೆ ಮಾಡಬಹುದಾದ ಜೋಡಣೆ ಹೊರತು ಬೇರೇನೂ ಬೇಡ.

ನಿಮ್ಮ ನಿಜವಾದ ಚಿಂತೆ 'ಹಿಂದಿನವರಿಗೆ ಕಾಣುತ್ತಿಲ್ಲ' ಎಂಬುದಾದರೆ ಬಲ್ಬನ್ನು ಬಿಟ್ಟು ಬೇರೆ ಕಡೆ ನೋಡಿ. ಸ್ಪೋರ್ಟ್ಸ್ ಕಾರಿನ ದೀಪಗಳು ನೆಲಕ್ಕೆ ಹತ್ತಿರ. ಎತ್ತರದ ಗಾಡಿ ಹಿಂದೆ ಒತ್ತಿಕೊಂಡು ಬಂದು ನಿಂತರೆ ಅದರ ಬಾನೆಟ್ಟಿನ ಮರೆಯಲ್ಲಿ ನಿಮ್ಮ ಲೈಟುಗಳು ಮುಚ್ಚಿಹೋಗುತ್ತವೆ, ಎಷ್ಟು ಪ್ರಖರವಾಗಿದ್ದರೇನು? ನಡುವಿನ ಎತ್ತರದ ಮೂರನೇ ಬ್ರೇಕ್ ಲೈಟನ್ನು ಅಮೆರಿಕ 1986ರ ಮಾಡೆಲ್ ಕಾರುಗಳಿಂದ ಕಡ್ಡಾಯ ಮಾಡಿತು, ಯುರೋಪು 1998ರಲ್ಲಿ. ಅದರಿಂದ ಹಿಂದಿನಿಂದ ಗುದ್ದುವ ಅಪಘಾತಗಳು ದೀರ್ಘಕಾಲದಲ್ಲಿ ಶೇ 4.3ರಷ್ಟು ಕಡಿಮೆಯಾಗಿವೆ ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 1998ರಲ್ಲಿ ಲೆಕ್ಕ ಹಾಕಿತು. ಅದಕ್ಕೂ ಹಳೆಯ ಕಾರಿನಲ್ಲಿ ಹಿಂದಿನ ಗಾಜಿನ ಒಳಬದಿಗೋ ಡಿಕ್ಕಿಯ ಮೇಲ್ಭಾಗಕ್ಕೋ ಒಂದು ತೆಳ್ಳನೆಯ ಎಲ್‌ಇಡಿ ಪಟ್ಟಿ ಕೂರಿಸಬಹುದು. ಮೂಲ ದೀಪಗಳಿಗೆ ಮಾಮೂಲಿ ಬಲ್ಬು, ಮೇಲೆ ಒಂದು ಎಲ್‌ಇಡಿ ಪಟ್ಟಿ: ಪಟ್ಟಿ ಕ್ಷಣದಲ್ಲಿ ಹತ್ತುತ್ತದೆ, ಫ್ಲಾಶರಿಗೂ ಕ್ರೂಸಿಗೂ ತೊಂದರೆಯಿಲ್ಲ. ಈ ಜೋಡಣೆಯೇ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಎಚ್ಚರಿಕೆ: ಬ್ರೇಕು ಮತ್ತು ಇಂಡಿಕೇಟರು ಒಂದೇ ಇರುವ ಕಾರುಗಳಲ್ಲಿ ಇದರ ತಂತಿಯನ್ನು ಹಿಂದಿನ ದೀಪದಿಂದ ಎಳೆಯಬಾರದು, ಎಳೆದರೆ ಇಂಡಿಕೇಟರ್ ಜೊತೆ ಇದೂ ಮಿನುಗುತ್ತದೆ. ನೇರ ಬ್ರೇಕ್ ಸ್ವಿಚ್ಚಿನಿಂದಲೇ ತರಬೇಕು.

ಹಾಕುವಾಗ, ಹಾಕಿದ ಮೇಲೆ

ಯಾವುದನ್ನೇ ಆರಿಸಿದರೂ ಜೋಡಿಯಾಗಿ ಬದಲಿಸಿ. ಒಂದು ಹೋಗಿದ್ದರೆ ಅದೇ ವಯಸ್ಸಿನ ಇನ್ನೊಂದೂ ಹೊರಡುವ ತಯಾರಿಯಲ್ಲಿರುತ್ತದೆ. ಹೋಲ್ಡರಿನ ಒಳಗೋಡೆಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿ. ಬುಡದ ಸ್ಪ್ರಿಂಗು ಬಲ್ಬನ್ನು ಮೇಲಕ್ಕೆ ಒತ್ತುತ್ತಿದೆಯೇ ನೋಡಿ. ಹಳೆಯ ಬಲ್ಬಿನ ತಳದ ಬೆಸುಗೆಯ ಚುಕ್ಕೆಗಳು ಸ್ಪ್ರಿಂಗಿನ ಒತ್ತಡ ಮತ್ತು ಶಾಖಕ್ಕೆ ತಗ್ಗುಬಿದ್ದು ಸಂಪರ್ಕ ಬಿಟ್ಟಿರುವುದೂ ಉಂಟು, ಎಳೆ ಚೆನ್ನಾಗಿದ್ದೂ ಬಲ್ಬು ಉರಿಯದಿರಲು ಅದೂ ಒಂದು ಕಾರಣ. ಕಾಂಟ್ಯಾಕ್ಟ್ ಹಿಡಿದಿರುವ ಕಂದು ಬಿಲ್ಲೆ ಸೀಳಿದ್ದರೆ ಹೋಲ್ಡರನ್ನೇ ಬದಲಿಸಿ. ಕೊನೆಯಲ್ಲಿ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು.

ಮಿಯಾಟಾದಂಥ ಕಾರಿನಲ್ಲಿ ಡಿಕ್ಕಿಯ ಒಳಗಿನ ಹೊದಿಕೆ ಸರಿಸಿ ಹೋಲ್ಡರನ್ನು ತಿರುಗಿಸಿ ಎಳೆದರೆ ಬಲ್ಬು ಕೈಗೆ ಬರುತ್ತದೆ. ಹೊರಗಿನಿಂದ ಲೆನ್ಸು ಬಿಚ್ಚುವ ಕಾರಿನಲ್ಲಿ ಸ್ಕ್ರೂಗಳನ್ನು ಬೆರಳಿನ ಬಿಗಿಗಿಂತ ಸ್ವಲ್ಪವೇ ಹೆಚ್ಚು ತಿರುಗಿಸಿ. ಹಳೆಯ ಪ್ಲಾಸ್ಟಿಕ್ಕು ಸ್ಕ್ರೂ ತೂತಿನಿಂದಲೇ ಸೀಳುವುದು. ಒಳಗಿನ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಉದುರಿದ್ದರೆ ಅದಕ್ಕೆ ಮತ್ತೆ ಬಣ್ಣ ಹೊಡೆಯುವುದರಿಂದ ಸಿಗುವ ಬೆಳಕು ಬಲ್ಬು ಬದಲಿಸಿದ್ದಕ್ಕಿಂತ ಹೆಚ್ಚಿರಬಹುದು.

ಎಲ್‌ಇಡಿ ಹಾಕುವವರು ಮೊದಲು ಒಂದೇ ಬದಿಗೆ ಹಾಕಿ, ಇನ್ನೊಂದರಲ್ಲಿ ಹೊಸ ಫಿಲಮೆಂಟ್ ಬಲ್ಬು ಇಟ್ಟು ಹೋಲಿಸಿ. ಕತ್ತಲಲ್ಲಿ ಟೇಲ್ ಲೈಟು ಹತ್ತಿಸಿಡಿ, ಯಾರಾದರೂ ಬ್ರೇಕ್ ಒತ್ತಿ ಬಿಡುತ್ತಿರಲಿ, ನೀವು ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಆಮೇಲೆ ಎಡಕ್ಕೂ ಬಲಕ್ಕೂ ಓರೆಯಾಗಿ ನಡೆದು ನೋಡಿ. ಇದನ್ನೇ ನಡುಮಧ್ಯಾಹ್ನ, ಬಿಸಿಲು ನೇರ ಲೆನ್ಸಿನ ಮೇಲೆ ಬೀಳುವಾಗಲೂ ಮಾಡಬೇಕು, ಏಕೆಂದರೆ ಬ್ರೇಕ್ ಲೈಟು ಸೋಲುವುದು ಹೆಚ್ಚಾಗಿ ಬಿಸಿಲಿನಲ್ಲಿ. ಮೊಬೈಲಿನ ವೀಡಿಯೊ ನಂಬಬೇಡಿ, ಅದು ಬೆಳಕಿಗೆ ತಕ್ಕಂತೆ ತಾನೇ ಹೊಂದಿಕೊಂಡು ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಎಕ್ಸ್‌ಪೋಷರ್ ಲಾಕ್ ಮಾಡಿದ್ದರೆ ಪರವಾಗಿಲ್ಲ.

ಕೊನೆಯ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಹಾಕಿ: ಟೇಲ್ ಲೈಟು, ಬ್ರೇಕು, ಇಂಡಿಕೇಟರು ಮೂರೂ. ಇಂಡಿಕೇಟರ್ ಮಿನುಗಿದಾಗಲೆಲ್ಲ ಬ್ರೇಕ್ ಲೈಟೂ ತುಸು ತೂಗಿದಂತೆ ಮಂದವಾಗುತ್ತಿದ್ದರೆ ಹೊಸ ಬಲ್ಬನ್ನು ದೂರಬೇಡಿ. ಆ ದೀಪಗಳೆಲ್ಲ ಹಂಚಿಕೊಂಡಿರುವ ಅರ್ಥಿಂಗ್ ತಂತಿ ಕಾರಿನ ಬಾಡಿಯನ್ನು ಸೇರುವ ಬೋಲ್ಟನ್ನು ಹುಡುಕಿ, ಬಿಚ್ಚಿ, ಪೇಂಟು ಮತ್ತು ತುಕ್ಕು ಹೋಗುವವರೆಗೆ ಕೆರೆದು ಮತ್ತೆ ಬಿಗಿಮಾಡಿ.